ಧರ್ಮಯೋಧನ ವೇಷ



ಕ್ರಿಸ್ತಜಯಂತಿ ಕಳೆದ ಮರುವಾರ ಬಬಲೇಶ್ವರ ಸೀಮೆಯ ನಿಡೋಣಿಗೆ ಹೋಗಿದ್ದೆ. ಕೆಲಸದ ನಿಮಿತ್ತ ಆ ಊರಿನಲ್ಲಿ ನೆಲೆಸಿರುವ ನಮ್ಮ ಕುಟುಂಬವೊಂದು ಮನೆಯನ್ನು ಆಶೀರ್ವದಿಸಲು ಕರೆದಿತ್ತು. ಹೊರಗೆ ಎರೆ ಭೂಮಿಯ ತುಂಬ ಹಿಂಗಾರಿ ಜೋಳ ತೆನೆ ಹಿಡಿದು ನಿಂತಿತ್ತು. ಪ್ರಾರ್ಥನೆ ಮುಗಿದು ಚಹಾ ಬರುವ ಹೊತ್ತಿಗೆ ಪಡಸಾಲೆಯ ಜಮಖಾನೆಯ ಮೇಲೆ ಐದು ಮಂದಿ ಎಳೆಯರು ವೃತ್ತಾಕಾರವಾಗಿ ಕುಳಿತರು. ಅವರ ನಡುವೆ ಕೆಲವು ಹಾಳೆ, ಪೆನ್ಸಿಲು ಮತ್ತು ಇಪ್ಪತ್ತು ಮುಖಗಳ ಒಂದು ದಾಳ. ಮನೆಯ ಹಿರಿಯ ಮಗ ಬೆಂಗಳೂರಿನಲ್ಲಿ ಓದುತ್ತಿರುವವನು. ಅವನು ಎದೆ ಸೆಟೆಸಿ, ತಾನೊಬ್ಬ ಧರ್ಮಯೋಧನೆಂದೂ ಅಬಲರನ್ನು ಕಾಯುವ ವ್ರತ ತೊಟ್ಟವನೆಂದೂ ಘೋಷಿಸಿದ.

ತಾಯಿ ಮೆಲ್ಲನೆ ನನ್ನ ಬಳಿಗೆ ಬಂದರು. "ಫಾದರ್, ಹುಡುಗ ಬೆಂಗಳೂರಿಂದ ಈ ಆಟ ಕಲ್ತು ಬಂದಾನ. ದೆವ್ವ, ಮಂತ್ರ, ಕತ್ತಿ ಎಲ್ಲಾ ಅದರಾಗ ಐತಿ. ಇಂವ ಮತ್ತ ದೇವರ ಸೈನಿಕ ಅಂತ. ನಮ್ಮಂಥವರ ಮನ್ಯಾಗ ಇದು ನಡೀಬಹುದೇನ್ರಿ?" ಎಂದು ಕೇಳಿದರು.

ಗುರುಮಠದಲ್ಲಿ ನಮಗೆ ಸಭೆಯ ಇತಿಹಾಸವನ್ನು ಕಲಿಸಿದ್ದರು, ನೀತಿಶಾಸ್ತ್ರವನ್ನು ಕಲಿಸಿದ್ದರು. ಈ ಪ್ರಶ್ನೆಗೆ ಉತ್ತರವನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ನಾನು ಸುಮ್ಮನೆ ನೋಡುತ್ತ ಕುಳಿತೆ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜನವರು, ಒಂದು ಕಾಲಕ್ಕೆ ದೊಡ್ಡಾಟದಲ್ಲಿ ಪಾತ್ರ ಮಾಡಿದವರು, ಹೊಸ್ತಿಲ ಬಳಿ ಬಂದು ನಿಂತು ಹುಡುಗನನ್ನು ಕೇಳಿದರು: "ಯಾವ ಊರು, ಯಾರ ಮಗ, ಯಾಕ ಬಂದಿ ಅಂತ ಕೇಳಾಕ ಈ ಆಟದಾಗ ಸಾರಥಿ ಯಾರಪಾ?" ಹುಡುಗನು ನಕ್ಕು ಎದುರಿಗೆ ಕುಳಿತಿದ್ದ ತಂಗಿಯನ್ನು ತೋರಿಸಿದ. ಅಜ್ಜನವರಿಗೆ ಆಟ ಅರ್ಥವಾಯಿತು. ನನಗೂ ಒಂದು ಹಾದಿ ಕಂಡಿತು. ಆ ತಾಯಿಗೆ ಅಂದು ಕೊಡಲಾಗದ ಉತ್ತರವನ್ನು ಇತಿಹಾಸದ ಹಾದಿಯಲ್ಲಿ ಹುಡುಕಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಆಟದ ಪರಿಚಯವಾಗಲಿ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತ್ಯದ ಲೇಕ್ ಜಿನೀವಾ ಎಂಬ ಸಣ್ಣ ಪಟ್ಟಣದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದ ಪುಸ್ತಕಗಳನ್ನು ಪ್ರಕಟಿಸಿದರು. ಈ ಆಟಕ್ಕೆ ಚದುರಂಗದಂತೆ ಮಣೆ ಬೇಕೇ ಬೇಕೆಂದಿಲ್ಲ. ಗೆಲುವು ಸೋಲಿನ ಲೆಕ್ಕವೂ ಇಲ್ಲ. ಒಬ್ಬರು ಕಥೆಯನ್ನು ನಡೆಸುತ್ತಾರೆ. ಮಿಕ್ಕವರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಎದುರಾದ ಸಂಕಟದಲ್ಲಿ ತಮ್ಮ ಪಾತ್ರ ಏನು ಮಾಡುತ್ತದೆ, ಏನು ನುಡಿಯುತ್ತದೆ ಎಂಬುದನ್ನು ಹೇಳುತ್ತಾರೆ. ಯತ್ನ ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ಮರುವರ್ಷ, 1975ರಲ್ಲಿ ಹೊರಬಂದ ಪುರವಣಿಯಲ್ಲಿ 'ಪ್ಯಾಲಡಿನ್' ಎಂಬ ಪಾತ್ರ ಸೇರಿತು. ಧರ್ಮಯೋಧನೆಂದರೆ ಇವನೇ. ಇವನು ರೋಗಿಗಳ ಮೇಲೆ ಕೈಯಿರಿಸಿ ಗುಣಪಡಿಸಬಲ್ಲ. ರೋಗಗಳು ಇವನನ್ನು ಮುಟ್ಟಲಾರವು. ಆದರೆ ಈ ಶಕ್ತಿಗೆ ತೆರಬೇಕಾದ ಬೆಲೆ ದೊಡ್ಡದು. ಅವನು ಲೆಕ್ಕ ಮೀರಿ ಮಾಯಾಯುಧಗಳನ್ನು ಇಟ್ಟುಕೊಳ್ಳುವಂತಿಲ್ಲ. ಗಳಿಸಿದ ಸಂಪತ್ತಿನಲ್ಲಿ ತನ್ನ ನಿರ್ವಾಹಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಡವರಿಗೋ ಧರ್ಮಸಂಸ್ಥೆಗಳಿಗೋ ಕೊಡಬೇಕು. 1978ರ ನಿಯಮಪುಸ್ತಕದಲ್ಲಿ ಆದಾಯದ ಹತ್ತನೆಯ ಒಂದು ಪಾಲನ್ನು ದಶಾಂಶವಾಗಿ ಸಲ್ಲಿಸಬೇಕೆಂಬ ವಿಧಿಯೂ ಬಂದಿತು. ವ್ರತವನ್ನು ಮುರಿದರೆ ಶಕ್ತಿ ಹೋಗುತ್ತದೆ. ಮಿಕ್ಕ ಪಾತ್ರಗಳಿಗೆ ತೋಳಿನ ಬಲವೋ ಮಂತ್ರದ ಬಲವೋ ಆಧಾರವಾದರೆ, ಈ ಪಾತ್ರಕ್ಕೆ ಕೊಟ್ಟ ಮಾತೇ ಆಧಾರ. 2014ರಲ್ಲಿ ಬಂದ ಐದನೆಯ ಆವೃತ್ತಿಯು, ಇವನ ಶಕ್ತಿ ಹುಟ್ಟುವುದೇ ಅವನು ತೊಟ್ಟ ಪ್ರತಿಜ್ಞೆಯಿಂದ ಎಂದು ಸ್ಪಷ್ಟಪಡಿಸಿತು.

ಪ್ಯಾಲಡಿನ್ ಎಂಬ ಹೆಸರು ಎಲ್ಲಿಂದ ಬಂದಿತು? ಲತೀನ್ ಭಾಷೆಯಲ್ಲಿ 'ಪಲಾತಿನುಸ್' ಎಂದರೆ ಅರಮನೆಗೆ ಸೇರಿದವನು. ಕ್ರಿ.ಶ. 800ರ ಕ್ರಿಸ್ತಜಯಂತಿಯಂದು ರೋಮಿನಲ್ಲಿ ಮೂರನೇ ಲಿಯೋ ಜಗದ್ಗುರುಗಳಿಂದ ಕಿರೀಟ ಧರಿಸಿದ ಸಾಮ್ರಾಟ ಶಾರ್ಲಮೇನನ ಹನ್ನೆರಡು ಮಂದಿ ಆಪ್ತ ವೀರರನ್ನು ಕಥೆಗಳು ಈ ಹೆಸರಿನಿಂದ ಕರೆದವು. ಆ ಹನ್ನೆರಡರಲ್ಲಿ ಮೊದಲಿಗ ರೋಲಾಂಡ್. ಇನ್ನೊಬ್ಬ, ಡೆನ್ಮಾರ್ಕಿನ ಓಜಿಯೇ. ಈ ಓಜಿಯೇಯ ಕಥೆಯನ್ನೇ ಹೊಸದಾಗಿ ಹೇಳಿದ ಪೌಲ್ ಆಂಡರ್ಸನ್ ಅವರ 1961ರ ಕಾದಂಬರಿಯಿಂದ ಆಟದ ಧರ್ಮಯೋಧ ರೂಪುಗೊಂಡ. ಹೀಗೆ ನಿಡೋಣಿಯ ಪಡಸಾಲೆಯಲ್ಲಿ ಕುಳಿತ ಹುಡುಗನ ಪಾತ್ರಕ್ಕೆ ಸಾವಿರದ ಇನ್ನೂರು ವರ್ಷಗಳ ವಂಶಾವಳಿಯುಂಟು.

ಆದರೆ, ಓದುಗರೇ, ಈ ವಂಶಾವಳಿಯ ಬುಡದಲ್ಲಿಯೇ ಒಂದು ಸುಳ್ಳು ಅಡಗಿದೆ. ಅದನ್ನು ನಾವು ತಿಳಿದಿರಬೇಕು. 778ರ ಆಗಸ್ಟಿನಲ್ಲಿ ಶಾರ್ಲಮೇನನು ಸ್ಪೇನಿನಿಂದ ಹಿಂದಿರುಗುತ್ತಿದ್ದ. ಅವನು ಅಲ್ಲಿಗೆ ಹೋಗಿದ್ದು ಯಾವ ಧರ್ಮಯುದ್ಧಕ್ಕೂ ಅಲ್ಲ. ತಮ್ಮೊಳಗಿನ ಕಲಹದಲ್ಲಿ ನೆರವು ಬೇಡಿ ಅವನನ್ನು ಕರೆಸಿಕೊಂಡವರೇ ಅಲ್ಲಿನ ಕೆಲವು ಮುಸಲ್ಮಾನ ಅಧಿಪತಿಗಳು. ಮರಳುವ ದಾರಿಯಲ್ಲಿ ಪಿರನೀಸ್ ಪರ್ವತದ ಕಣಿವೆಯೊಂದರಲ್ಲಿ ಅವನ ಹಿಂಬದಿಯ ದಳದ ಮೇಲೆ ಬಾಸ್ಕರು ಎರಗಿದರು. ಆ ಕಾದಾಟದಲ್ಲಿ ರೋಲಾಂಡ್ ಮಡಿದ. ಶಾರ್ಲಮೇನನ ಚರಿತ್ರೆ ಬರೆದ ಐನ್‌ಹಾರ್ಡ್ ಇದನ್ನು ದಾಖಲಿಸಿದ್ದಾನೆ. ಸುಮಾರು 1100ರ ಹೊತ್ತಿಗೆ ಈ ಘಟನೆಯ ಮೇಲೆ ಫ್ರೆಂಚ್ ಭಾಷೆಯಲ್ಲಿ ದೀರ್ಘ ವೀರಗೀತೆಯೊಂದು ಹುಟ್ಟಿತು. ಅದರಲ್ಲಿ ಬಾಸ್ಕರು ಮಾಯವಾಗಿದ್ದರು. ಅವರ ಜಾಗದಲ್ಲಿ ಮುಸಲ್ಮಾನರ ಮಹಾಸೈನ್ಯ ನಿಂತಿತ್ತು. ಒಂದು ಗುಡ್ಡಗಾಡಿನ ಕಾದಾಟ ದೇವರ ಯುದ್ಧವಾಗಿ ಮಾರ್ಪಟ್ಟಿತ್ತು.

ಕಥೆ ಹೀಗೇಕೆ ಬದಲಾಯಿತು? ಕಾಲವನ್ನು ನೋಡಿದರೆ ತಿಳಿಯುತ್ತದೆ. 1095ರಲ್ಲಿ ಮೊದಲನೆಯ ಕ್ರೂಸೇಡಿಗೆ ಕರೆ ಹೋಗಿತ್ತು. 1099ರ ಜುಲೈ 15ರಂದು ಶಿಲುಬೆಯ ಗುರುತು ಧರಿಸಿದ ಯೋಧರು ಜೆರುಸಲೇಮನ್ನು ಹಿಡಿದು, ಅಲ್ಲಿನ ಮುಸಲ್ಮಾನರನ್ನೂ ಯೆಹೂದ್ಯರನ್ನೂ ಕೊಂದರು. 1204ರಲ್ಲಿ ಅಂಥದೇ ಯೋಧರು ಕ್ರೈಸ್ತರದೇ ನಗರವಾದ ಕಾನ್‌ಸ್ಟಾಂಟಿನೋಪಲನ್ನು ಸೂರೆ ಮಾಡಿದರು. ಅವರೂ ವ್ರತ ತೊಟ್ಟವರೇ. ತಮ್ಮನ್ನು ಧರ್ಮಯೋಧರೆಂದೇ ನಂಬಿದ್ದವರು. 2000ದ ಜೂಬಿಲಿ ವರ್ಷದ ಮಾರ್ಚ್ 12ರಂದು ಜಗದ್ಗುರು ಎರಡನೇ ಜಾನ್ ಪಾಲ್‌ರವರು ಧರ್ಮಸಭೆಯ ಮಕ್ಕಳು ಶತಮಾನಗಳಿಂದ ಎಸಗಿದ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಮರುವರ್ಷ ಅಥೆನ್ಸ್ ನಗರದಲ್ಲಿ ಕಾನ್‌ಸ್ಟಾಂಟಿನೋಪಲಿನ ಸೂರೆಯನ್ನು ನೆನೆದು ದುಃಖ ವ್ಯಕ್ತಪಡಿಸಿದರು. ಧರ್ಮಯೋಧನ ಪಾತ್ರವನ್ನು ಕೈಗೆತ್ತಿಕೊಳ್ಳುವ ಮಕ್ಕಳಿಗೆ ಈ ಚರಿತ್ರೆಯನ್ನು ಮುಚ್ಚಿಡುವುದು ಸಲ್ಲದು.

ಹಾಗಾದರೆ ಈ ವೇಷವನ್ನೇ ದೂರವಿಡಬೇಕೆ? ನಮ್ಮ ಹಿರಿಯರು ಹಾಗೆ ಮಾಡಲಿಲ್ಲ. ಶಾರ್ಲಮೇನನ ಕಥೆಯು ಪೋರ್ಚುಗೀಸರ ಹಡಗುಗಳ ಜೊತೆಗೆ ಲೋಕ ಸುತ್ತಿತು. ಆಫ್ರಿಕದ ಪಶ್ಚಿಮಕ್ಕಿರುವ ಸಾವ್ ತೊಮೆ ದ್ವೀಪದಲ್ಲಿ ಅದು 'ಚಿಲೋಲಿ' ಎಂಬ ಬಯಲುನಾಟಕವಾಯಿತು. ಬ್ರೆಜಿಲಿನಲ್ಲಿ ಕುದುರೆಯ ಮೇಲಿನ ಆಟವಾಯಿತು. ಇತ್ತ ಇಟಲಿಯ ಸಿಸಿಲಿಯಲ್ಲಿ ರೋಲಾಂಡನು ಸೂತ್ರದ ಬೊಂಬೆಯಾಗಿ ಇಂದಿಗೂ ಕುಣಿಯುತ್ತಿದ್ದಾನೆ. ನಮ್ಮ ನೆರೆಯ ಕೇರಳದ ಕರಾವಳಿಯ ಲತೀನ್ ಕಥೋಲಿಕರಲ್ಲಿ ಇದೇ ಕಥೆ 'ಚವಿಟ್ಟು ನಾಟಕ'ವಾಯಿತು. ಚವಿಟ್ಟು ಎಂದರೆ ತುಳಿತ. ಮರದ ಹಲಗೆಗಳ ರಂಗದ ಮೇಲೆ, ಮಿರಿಮಿರಿ ಮಿನುಗುವ ಉಡುಪು ತೊಟ್ಟ ಪಾತ್ರಧಾರಿಗಳು ಹಾಡುತ್ತ, ಕಾಲು ಅಪ್ಪಳಿಸಿ ಕುಣಿಯುತ್ತಾರೆ. ಇವುಗಳಲ್ಲಿ ಹೆಸರಾದ 'ಕಾರಲ್ಮಾನ್ ಚರಿತಂ' ಶಾರ್ಲಮೇನ್ ಮತ್ತು ಅವನ ಹನ್ನೆರಡು ವೀರರ ಕಥೆಯೇ ಆಗಿದೆ. ಚಿನ್ನತಂಬಿ ಅಣ್ಣಾವಿ ಎಂಬ ತಮಿಳು ಗುರು ಇದನ್ನು ರಚಿಸಿದನೆಂದು ಪರಂಪರೆ ಹೇಳುತ್ತದೆ. ಮೀನು ಹಿಡಿಯುವವರು, ಬಡಗಿಗಳು, ಕೂಲಿಯವರು ಹಗಲಿನ ದುಡಿಮೆ ಮುಗಿಸಿ, ತಿಂಗಳುಗಟ್ಟಲೆ ಗುರುವಿನಿಂದ ಹೆಜ್ಜೆ ಕಲಿತು, ರಾತ್ರಿ ಸಾಮ್ರಾಟರೂ ಧರ್ಮಯೋಧರೂ ಆಗುತ್ತಿದ್ದರು.

ಇದನ್ನು ಓದುವಾಗ ನಮ್ಮ ವಿಜಯಪುರದ ಕಡೆಯವರಿಗೆ ದೊಡ್ಡಾಟದ ನೆನಪು ಬಾರದಿರದು. ಅದೇ ಹಲಗೆಯ ಅಟ್ಟ, ಅದೇ ಕಿರೀಟ, ಭುಜಕೀರ್ತಿ, ಅದೇ ಭಾರವಾದ ಹೆಜ್ಜೆ, ಬೆಳಗಿನವರೆಗೆ ನಡೆಯುವ ಕಾಳಗ. ಪಾತ್ರವು ರಂಗಕ್ಕೆ ಬಂದೊಡನೆ ಸಾರಥಿಯು ತಡೆದು, ತಾವು ಯಾರು, ಎಲ್ಲಿಂದ ಬಂದವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರಧಾರಿ ತನ್ನ ಬಾಯಿಂದಲೇ ತಾನು ಯಾರೆಂದು ಹೇಳಿ ಆಟವನ್ನು ಮುಂದುವರಿಸಬೇಕು. ಹೆಸರು ಹೇಳಿದ ಮೇಲೆ ಆ ಹೆಸರಿಗೆ ತಕ್ಕಂತೆ ನಡೆಯಬೇಕು. ಅಜ್ಜನವರು ಹುಡುಗನನ್ನು ಕೇಳಿದ ಪ್ರಶ್ನೆಯ ತೂಕ ಇದು.

ನಮ್ಮ ಸೀಮೆಯಲ್ಲಿ ವೀರನ ವೇಷವು ಕೇವಲ ರಂಜನೆಯಾಗಿ ಎಂದೂ ಉಳಿದಿಲ್ಲ. ವೀರಭದ್ರನ ಪುರವಂತರನ್ನು ನೀವು ಜಾತ್ರೆಗಳಲ್ಲಿ ಕಂಡಿದ್ದೀರಿ. ಎದೆಗೆ ದೇವರ ಮುಖದ ಫಲಕ ಕಟ್ಟಿ, ಕೈಯಲ್ಲಿ ಖಡ್ಗ ಹಿಡಿದು ಅವರು ಒಡಪು ಹೇಳುತ್ತಾರೆ. ಆದರೆ ಅವರು ಶಸ್ತ್ರವನ್ನು ಚುಚ್ಚಿಕೊಳ್ಳುವುದು ತಮ್ಮ ಕೆನ್ನೆಗೆ, ಪರರ ಮೈಗಲ್ಲ. ಮೊಹರಂ ಬಂದಿತೆಂದರೆ ನಮ್ಮ ಹಳ್ಳಿಗಳಲ್ಲಿ ಹಿಂದೂ ಮನೆಗಳ ಮಕ್ಕಳೂ ಹರಕೆ ಹೊತ್ತು ಫಕೀರರಾಗುತ್ತಾರೆ. ಹೆಜ್ಜೆಮೇಳದವರು ಕುಣಿಯುತ್ತ ಕನ್ನಡದಲ್ಲಿಯೇ ಕರ್ಬಲದ ಪದ ಹಾಡುತ್ತಾರೆ. ಕ್ರಿ.ಶ. 680ರಲ್ಲಿ ಕರ್ಬಲದಲ್ಲಿ ಬೆರಳೆಣಿಕೆಯ ಸಂಗಡಿಗರೊಡನೆ ಮಡಿದ ಹುಸೇನರು ಗೆದ್ದ ವೀರರಲ್ಲ. ಅನ್ಯಾಯಕ್ಕೆ ತಲೆಬಾಗದೆ ಸೋತ ವೀರರು. ಸೋತವರ ಪದವನ್ನು ಊರೆಲ್ಲ ಕೂಡಿ ಹಾಡುವ ನಾಡು ನಮ್ಮದು. ನಮ್ಮ ನಂಬಿಕೆಗಳು ಬೇರೆ, ಆರಾಧನೆ ಬೇರೆ. ಆದರೂ ಈ ಎಲ್ಲ ವೇಷಗಳಲ್ಲಿ ಒಂದು ಸಾಮಾನ್ಯ ತಿಳಿವಳಿಕೆ ಕಾಣುತ್ತದೆ: ಪವಿತ್ರ ವೀರನ ಬಟ್ಟೆ ತೊಡುವವನು ಮೊದಲು ತನ್ನನ್ನು ಕಟ್ಟಿಹಾಕಿಕೊಳ್ಳಬೇಕು.

ಕಟ್ಟಿಹಾಕಿಕೊಳ್ಳದಿದ್ದರೆ ಏನಾಗುತ್ತದೆ? ಅಜ್ಜನವರೇ ತಮ್ಮ ಕಥೆಯನ್ನು ಹೇಳಿದರು. ಪ್ರಾಯದಲ್ಲಿ ಒಮ್ಮೆ ಅವರು ಭೀಮನ ಪಾತ್ರ ಮಾಡಿದ್ದರು. ದುರ್ಯೋಧನನಾಗಿದ್ದವನು ಅವರ ಹೊಲಕ್ಕೆ ಹೊಂದಿದ ಹೊಲದವನು. ಇಬ್ಬರ ನಡುವೆ ಬದುವಿನ ಜಗಳವಿತ್ತು. ಕೊನೆಯ ಕಾಳಗದಲ್ಲಿ ಭೀಮನ ಗದೆ ಹುಸಿಯಾಗಿ ಬೀಳಬೇಕಾದಲ್ಲಿ ದಿಟವಾಗಿಯೇ ಬಿದ್ದಿತು. ಮದ್ದಳೆಯವನು ನುಡಿಸುವುದನ್ನು ನಿಲ್ಲಿಸಿಬಿಟ್ಟ. "ಗದಾ ಕಟ್ಟಿಗೀದ್ರೀ ಫಾದರ್, ಸಿಟ್ಟು ಮಾತ್ರ ಖರೇದ" ಎಂದರು ಅಜ್ಜನವರು. ಬೆಳಗಿನ ಜಾವ ಬಣ್ಣ ತೆಗೆಯಲು ಕೂತಾಗ, ಕೊಬ್ಬರಿ ಎಣ್ಣೆಯ ಬಟ್ಟಲನ್ನು ತಾವೇ ಒಯ್ದು ಆ ನೆರೆಯವನ ತೋಳಿಗೆ ಹಚ್ಚಿದರಂತೆ. ಬದುವಿನ ಜಗಳ ಅಂದೇನೂ ತೀರಲಿಲ್ಲ. "ಆದ್ರ ಅವತ್ತಿನಿಂದ ಮಾತು ಬಿಡಲಿಲ್ರೀ" ಎಂದರು. ಕ್ರೂಸೇಡುಗಳ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳ ಸಾರವೆಲ್ಲ ಆ ಒಂದು ಮಾತಿನಲ್ಲಿತ್ತು.

ನಮ್ಮ ಸಂತರ ಜೀವನವನ್ನು ಈ ಬೆಳಕಿನಲ್ಲಿ ನೋಡೋಣ. ಅಸಿಸಿಯ ಸಂತ ಫ್ರಾನ್ಸಿಸರು ಬಟ್ಟೆ ವ್ಯಾಪಾರಿಯ ಮಗ. ಎಳವೆಯಲ್ಲಿ ಯೋಧನಾಗುವ ಕನಸು ಕಂಡವರು. 1202ರಲ್ಲಿ ಪೆರುಜಿಯ ನಗರದ ವಿರುದ್ಧ ಕಾದಲು ಹೋಗಿ ಸೆರೆ ಸಿಕ್ಕಿ, ಸುಮಾರು ಒಂದು ವರ್ಷ ಕಾರಾಗೃಹದಲ್ಲಿ ಕಳೆದರು. 1205ರಲ್ಲಿ ಮತ್ತೆ ಕವಚ ತೊಟ್ಟು ಹೊರಟವರು ಸ್ಪೊಲೆತೊ ಎಂಬಲ್ಲಿಂದ ಹಿಂದಿರುಗಿದರು. ಹಾಗೆಂದು ಅವರು ವೀರಕಥೆಗಳನ್ನು ಮರೆಯಲಿಲ್ಲ. ತಮ್ಮ ಸಹೋದರರನ್ನು ಅರಸ ಆರ್ಥರನ ದುಂಡುಮೇಜಿನ ಯೋಧರಿಗೆ ಹೋಲಿಸುತ್ತಿದ್ದರೆಂದು ಅವರ ಸಂಗಡಿಗರ ನೆನಪುಗಳು ಹೇಳುತ್ತವೆ. ಐದನೆಯ ಕ್ರೂಸೇಡಿನ ಸಮಯದಲ್ಲಿ, 1219ರಲ್ಲಿ, ಈಜಿಪ್ಟಿನ ದಾಮಿಯೆತ್ತದ ಬಳಿ ಎರಡು ಸೈನ್ಯಗಳು ಎದುರುಬದುರು ನಿಂತಿದ್ದಾಗ, ಈ ವಿಚಿತ್ರ ಯೋಧ ಆಯುಧವಿಲ್ಲದೆ ನಡೆದುಹೋಗಿ ಸುಲ್ತಾನ ಅಲ್ ಕಾಮಿಲನನ್ನು ಕಂಡು ಮಾತನಾಡಿ ಬಂದರು. ಸುಲ್ತಾನನೂ ಅವರನ್ನು ಸುರಕ್ಷಿತವಾಗಿ ಬೀಳ್ಕೊಟ್ಟನು. ವೇಷ ಅದೇ, ವ್ರತ ಅದೇ. ಖಡ್ಗ ಮಾತ್ರ ಇರಲಿಲ್ಲ.

ಸಂತ ಇಗ್ನೇಷಿಯಸ್ ಲೊಯೋಲರ ಕಥೆ ಇನ್ನೂ ಹತ್ತಿರದ್ದು. ಅವರ ಕಾಲದಲ್ಲಿ ಸ್ಪೇನಿನ ತರುಣರೆಲ್ಲ ಓದುತ್ತಿದ್ದುದು ಅಮಾದಿಸ್ ಎಂಬ ವೀರನ ರಮ್ಯಕಥೆ. 1521ರ ಮೇ 20ರಂದು ಪಾಂಪ್ಲೋನ ಕೋಟೆಯಲ್ಲಿ ಫಿರಂಗಿಯ ಗುಂಡು ತಾಗಿ ಅವರ ಕಾಲು ಮುರಿಯಿತು. ಹಾಸಿಗೆ ಹಿಡಿದ ಅವರು ಓದಲು ವೀರಕಥೆಗಳನ್ನೇ ಕೇಳಿದರು. ಮನೆಯಲ್ಲಿ ಸಿಕ್ಕಿದ್ದು ಯೇಸುಸ್ವಾಮಿಯ ಜೀವನಚರಿತ್ರೆ ಮತ್ತು ಸಂತರ ಕಥೆಗಳು. ಮಲಗಿದಲ್ಲೇ ಅವರು ಎರಡು ಬಗೆಯ ಕನಸು ಕಂಡರು. ರಾಜಮನೆತನದ ಒಬ್ಬ ಮಹಿಳೆಗಾಗಿ ತಾನು ಮಾಡುವ ಸಾಹಸಗಳು ಒಂದು. ಸಂತ ಫ್ರಾನ್ಸಿಸರಂತೆ, ಸಂತ ದೊಮಿನಿಕರಂತೆ ತಾನು ಬದುಕುವುದು ಇನ್ನೊಂದು. ಕನಸು ಕಾಣುವಾಗ ಎರಡೂ ಸವಿಯಾಗಿದ್ದವು. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸಿತು. ಎರಡನೆಯದು ಶಾಂತಿಯನ್ನು ಉಳಿಸಿತು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಆಧ್ಯಾತ್ಮಿಕ ವಿವೇಚನೆಯ ಆರಂಭ.

ಮರುವರ್ಷ ಅವರು ಮೊನ್ಸೆರಾತ್ ಬೆಟ್ಟಕ್ಕೆ ಹೊರಟರು. ದಾರಿಯಲ್ಲಿ ಜೊತೆಯಾದ ಮೂರ್ ಜನಾಂಗದ ಒಬ್ಬನು ಮಾತೆ ಮರಿಯಮ್ಮನವರ ಕನ್ಯತ್ವದ ಕುರಿತು ಸಂಶಯದ ಮಾತಾಡಿ ಮುಂದೆ ಹೋದ. ಇಗ್ನೇಷಿಯಸರೊಳಗಿನ ಧರ್ಮಯೋಧ ಕೆರಳಿದ. ಹಿಂಬಾಲಿಸಿ ಇರಿಯಲೇ, ಬಿಡಲೇ ಎಂದು ತಿಳಿಯದೆ, ಹಾದಿ ಕವಲೊಡೆಯುವಲ್ಲಿ ಹೇಸರಗತ್ತೆಯ ಲಗಾಮನ್ನು ಸಡಿಲಬಿಟ್ಟರು. ಅದು ಅವನು ಹೋದ ಅಗಲ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿಯಿತು. ಈ ಪ್ರಸಂಗವನ್ನು ಇಗ್ನೇಷಿಯಸರು ಮುಪ್ಪಿನಲ್ಲಿ ತಮ್ಮ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಒಬ್ಬ ಸಂತರು ಕೊಲೆಗಾರನಾಗದಂತೆ ಒಂದು ಪ್ರಾಣಿ ಕಾಪಾಡಿತು ಎಂಬುದನ್ನು ನೆನೆದಾಗ ನನಗೆ ಇಂದಿಗೂ ನಡುಕ ಬರುತ್ತದೆ. ನಂತರ 1522ರ ಮಾರ್ಚ್ 24ರ ರಾತ್ರಿ, ಕಥೆಗಳಲ್ಲಿ ಹೊಸ ಯೋಧರು ಮಾಡುವಂತೆಯೇ, ಅವರು ಮಾತೆಯ ಪೀಠದ ಮುಂದೆ ನಿಂತೂ ಮೊಣಕಾಲೂರಿಯೂ ಜಾಗರಣೆ ಮಾಡಿದರು. ಒಡವೆಯಂಥ ಬಟ್ಟೆಗಳನ್ನು ಭಿಕ್ಷುಕನಿಗೆ ಕೊಟ್ಟಿದ್ದರು. ಖಡ್ಗ, ಕಠಾರಿಗಳನ್ನು ಅಲ್ಲಿಯೇ ಬಿಟ್ಟು ಕೆಳಗಿಳಿದರು. ಓದಿದ ಕಥೆಯ ವೇಷವನ್ನೇ ತೊಟ್ಟು, ಆ ವೇಷದ ಮೂಲಕವೇ ಅದನ್ನು ದಾಟಿದರು.

ನೀವು ಕೇಳಬಹುದು: ಸಂತರ ಮಾತು ಸರಿ, ಮಕ್ಕಳ ಆಟದಲ್ಲಿ ಅಷ್ಟೊಂದು ಇದೆಯೇ? 1980ರ ದಶಕದಲ್ಲಿ ಅಮೆರಿಕದ ಅನೇಕ ಕ್ರೈಸ್ತ ಕುಟುಂಬಗಳು ಈ ಆಟಕ್ಕೆ ಹೆದರಿದ್ದವು. ಇದು ಮಕ್ಕಳನ್ನು ಮಾಟಮಂತ್ರಕ್ಕೆ ಎಳೆಯುತ್ತದೆ, ಪ್ರಾಣಕ್ಕೂ ಕುತ್ತು ತರುತ್ತದೆ ಎಂಬ ಪ್ರಚಾರ ನಡೆದಿತ್ತು. ಆ ಭಯಕ್ಕೆ ಆಧಾರ ಸಿಗಲಿಲ್ಲ, ಕ್ರಮೇಣ ಅದು ಅಡಗಿತು. ಆದರೆ ತಾಯಿತಂದೆಯರು ಕೇಳಬೇಕಾದ ನಿಜವಾದ ಪ್ರಶ್ನೆ ಆ ಗದ್ದಲದಲ್ಲಿ ಕಳೆದುಹೋಯಿತು. ಆಟದಲ್ಲಿ ದೆವ್ವವಿದೆಯೇ ಎಂಬುದಕ್ಕಿಂತ, ಆಡುವವನು ಯಾರನ್ನು ದೆವ್ವವೆಂದು ಕರೆಯುತ್ತಿದ್ದಾನೆ ಎಂಬುದು ಮುಖ್ಯ.

ಅಂದು ನಿಡೋಣಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಆಟದ ಕಥೆಯಲ್ಲಿ ಒಬ್ಬ ದರೋಡೆಕೋರ ಸೆರೆ ಸಿಕ್ಕಿದ. ಅವನು ಶಸ್ತ್ರವನ್ನು ಕೆಳಗಿಟ್ಟು ಜೀವದಾನ ಬೇಡಿದಾಗ ಧರ್ಮಯೋಧನು ಅಭಯ ಕೊಟ್ಟ. ಜೊತೆಗಾರರಿಗೆ ಅದು ಹಿಡಿಸಲಿಲ್ಲ. ಬಿಟ್ಟರೆ ಹಿಂದಿನಿಂದ ಬಂದು ಕೊಲ್ಲುತ್ತಾನೆ, ಈಗಲೇ ಮುಗಿಸಿಬಿಡು ಎಂದು ಒತ್ತಾಯಿಸಿದರು. ಹುಡುಗನು "ನಾ ಮಾತು ಕೊಟ್ಟೀನಿ" ಎಂದು ಕದಲಲಿಲ್ಲ. ದಾಳ ಉರುಳಿತು. ದರೋಡೆಕೋರನು ರಾತ್ರಿ ತಪ್ಪಿಸಿಕೊಂಡು, ಹೋಗುವಾಗ ಯೋಧನ ಕುದುರೆಯನ್ನೂ ಒಯ್ದ. ಎಲ್ಲರೂ ಹುಡುಗನನ್ನು ಗೇಲಿ ಮಾಡಿದರು. ಅವನ ಮುಖ ಸಪ್ಪಗಾಯಿತು. ಆದರೆ ಮಾತು ಕೊಟ್ಟದ್ದಕ್ಕೆ ಅವನು ಪಶ್ಚಾತ್ತಾಪಪಡಲಿಲ್ಲ. ಮಾತು ಉಳಿಸಿಕೊಳ್ಳುವುದಕ್ಕೆ ನಷ್ಟವನ್ನು ತೆರಬೇಕಾಗುತ್ತದೆಂದು ಧರ್ಮೋಪದೇಶದ ತರಗತಿಯಲ್ಲಿ ನಾವು ಎಷ್ಟು ಸಲ ಹೇಳಿದ್ದೇವೆ! ಅಲ್ಲಿ ಅವನು ಅದನ್ನು ಒಂದು ಸಂಜೆಯ ಮಟ್ಟಿಗಾದರೂ ಅನುಭವಿಸಿದ.

ನಾನು ಹೊರಡುವಾಗ ಹುಡುಗನು ಅಂಗಳದವರೆಗೆ ಬಂದು ಕೇಳಿದ: "ಫಾದರ್, ನನ್ನ ಯೋಧ ಮುಂದ ಯಾವಾಗರ ತಪ್ಪು ಮಾಡಿದರ ಅವನಿಗೂ ಪಾಪನಿವೇದನೆ ಐತೇನ್ರಿ?"

ಆ ಪ್ರಶ್ನೆಗೆ ಆಟದ ನಿಯಮಪುಸ್ತಕವೇ ಅರ್ಧ ಉತ್ತರ ಕೊಟ್ಟಿದೆ ಎಂಬುದು ನನಗೆ ಆಮೇಲೆ ತಿಳಿಯಿತು. 1978ರ ನಿಯಮದಂತೆ, ಯೋಧನು ವಿಧಿಯನ್ನು ಮೀರಿದರೆ ಒಬ್ಬ ಗುರುವಿನ ಬಳಿ ಹೋಗಿ ತಪ್ಪನ್ನು ಒಪ್ಪಿಕೊಂಡು, ಅವರು ವಿಧಿಸಿದ ಪ್ರಾಯಶ್ಚಿತ್ತವನ್ನು ಮಾಡಬೇಕು. ನಮ್ಮ ಸಂಸ್ಕಾರದ ನೆರಳು ಅಲ್ಲಿ ಸ್ಪಷ್ಟವಾಗಿದೆ. ಆದರೆ ಅವನು ತಿಳಿದೂ ಬಯಸಿಯೂ ಕೇಡನ್ನು ಮಾಡಿದರೆ, ಆ ಪದವಿ ಮತ್ತೆಂದೂ ಮರಳಿ ಬಾರದಂತೆ ಹೋಗಿಬಿಡುತ್ತದೆ. ಆ ಪುಸ್ತಕಕ್ಕೆ ಪತನದ ಆಳ ಗೊತ್ತಿತ್ತು, ಕರುಣೆಯ ಆಳ ಗೊತ್ತಿರಲಿಲ್ಲ. ಗೆತ್ಸೆಮನೆ ತೋಟದಲ್ಲಿ ಖಡ್ಗ ಎಳೆದು ಸೇವಕನ ಕಿವಿಯನ್ನು ಕತ್ತರಿಸಿದ ಪೇತ್ರರನ್ನು ನೆನೆಯಿರಿ. ತನ್ನ ಗುರುವಿಗಾಗಿ ಪ್ರಾಣವನ್ನೇ ಕೊಡುವೆನೆಂದು ಮಾತು ಕೊಟ್ಟ ಯೋಧ ಆತ. ಯೇಸುಸ್ವಾಮಿ ಖಡ್ಗವನ್ನು ಒರೆಗೆ ಸೇರಿಸಲು ಹೇಳಿದರು. ಶತ್ರುವಿನ ಕಿವಿಯನ್ನು ಮುಟ್ಟಿ ಗುಣಪಡಿಸಿದರು. ಅದೇ ರಾತ್ರಿ ಕೋಳಿ ಕೂಗುವ ಮುನ್ನ ಪೇತ್ರರು ತಿಳಿದೂ ತಿಳಿದೂ ಮೂರು ಬಾರಿ ಮಾತು ಮುರಿದರು. ಆಟದ ನಿಯಮ ಅನ್ವಯಿಸಿದ್ದರೆ ಅವರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸರೋವರದ ದಡದಲ್ಲಿ ಅದೇ ಪೇತ್ರರಿಗೆ ಮೂರು ಬಾರಿ ಪ್ರಶ್ನೆ ಕೇಳಿ, ಮಂದೆಯನ್ನು ಒಪ್ಪಿಸಲಾಯಿತು.

ಆದ್ದರಿಂದ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು: "ಐತಪ್ಪ. ಪುಸ್ತಕದಾಗ ಇಲ್ಲದಿದ್ದರ ನೀನ ಬರಕೋ. ಆ ದರೋಡೆಕೋರನಿಗೂ ಒಂದು ಇಡು." ಅವನು ನಕ್ಕ. ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ನಗಲಿಲ್ಲ. ಅವರು ಇನ್ನೂ ಯೋಚಿಸುತ್ತಿದ್ದರು. ಯೋಚಿಸುವುದು ತಾಯಿಯ ಧರ್ಮ.

ಅವರಿಗೂ, ಮನೆಯಲ್ಲಿ ಇಂಥ ಆಟ ನಡೆಯುತ್ತಿರುವ ಎಲ್ಲ ಪೋಷಕರಿಗೂ ನನ್ನ ಉತ್ತರ ಇದು. ಆಟವನ್ನು ನಿಷೇಧಿಸಬೇಡಿ, ಕಣ್ಣು ಮುಚ್ಚಿ ಬಿಟ್ಟುಬಿಡಲೂ ಬೇಡಿ. ಒಂದು ಸಂಜೆ ಪಕ್ಕದಲ್ಲಿ ಕುಳಿತು ನೋಡಿ. ನಿಮ್ಮ ಮಗ ಅಥವಾ ಮಗಳು ತೊಟ್ಟ ಧರ್ಮಯೋಧನ ವೇಷ ಅವರಿಂದ ಏನನ್ನು ಬೇಡುತ್ತಿದೆ? ಬರೀ ಗೆಲುವನ್ನು ಕೊಡುತ್ತಿದೆಯೋ, ತ್ಯಾಗವನ್ನೂ ಕೇಳುತ್ತಿದೆಯೋ? ಎದುರು ಪಕ್ಷದವನಿಗೆ ಮುಖವಿದೆಯೇ? ಶರಣು ಬಂದಾಗ ಅವನು ಬದುಕುತ್ತಾನೆಯೇ? ಕೊನೆಗೆ ಇಗ್ನೇಷಿಯಸರ ಪ್ರಶ್ನೆ: ಆಟ ಮುಗಿದು ಹಾಳೆಗಳನ್ನು ಎತ್ತಿಟ್ಟ ಮೇಲೆ ಮನಸ್ಸಿನಲ್ಲಿ ಉಳಿಯುವುದು ಏನು? ಉರಿಯೋ, ತಂಪೋ?

ಅಜ್ಜನವರು ಎಣ್ಣೆಯ ಬಟ್ಟಲನ್ನು ಎತ್ತಿಕೊಂಡು ನೆರೆಯವನ ಬಳಿಗೆ ಹೋದದ್ದು ಬಣ್ಣ ತೆಗೆಯುವ ಹೊತ್ತಿನಲ್ಲಿ. ಭೀಮನಾಗಿ ಇಡೀ ರಾತ್ರಿ ಕುಣಿದವರು ನಿಜವಾದ ವೀರರಾದದ್ದು ಆಗ.